ನೀರಿನ ಪೀಪಾಯಿ ಮಗುಚಿದ ವೈದ್ಯ

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದರೆ ನಗರ ಮುಗಿಯುವಷ್ಟರಲ್ಲಿ ಮಚ್ಛೆ ಸಿಗುತ್ತದೆ. ಕಾರ್ಖಾನೆಗಳ ಊರು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಊರು. ಈ ಭಾಗದ ನಮ್ಮ ಕುಟುಂಬಗಳಿಗೆ ಪ್ರಯಾಣ ಹೊಸದಲ್ಲ. ಡಿಸೆಂಬರ್ ಬಂತೆಂದರೆ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬಕ್ಕೆಂದು ಇದೇ ದಾರಿಯಲ್ಲಿ ಹಳೆ ಗೋವೆಗೆ ಹೋಗುವವರಿದ್ದಾರೆ. ಉದ್ಯೋಗಕ್ಕಾಗಿ ಕೊಲ್ಲಿ ದೇಶಗಳಿಗೂ ಆಫ್ರಿಕಾಕ್ಕೂ ಹೋಗುವ ಯುವಕರಿದ್ದಾರೆ. ಧರ್ಮಭಗಿನಿಯರಾಗಿ ದೂರದ ಸೇವಾಕ್ಷೇತ್ರಗಳಿಗೆ ಹೊರಡುವ ಹೆಣ್ಣುಮಕ್ಕಳೂ ಇದ್ದಾರೆ.

ಅಂಥ ಒಂದು ಮನೆಯಲ್ಲಿ ಒಂದು ಸಂಜೆ ಜಪಸರ ಮುಗಿದ ಮೇಲೆ ಒಂದು ಮಾತು ಎದ್ದಿತು. ಆ ಮನೆಯ ಮಗಳಿಗೆ, ಧರ್ಮಭಗಿನಿಗೆ, ಆಫ್ರಿಕಾದ ಒಂದು ಆಸ್ಪತ್ರೆಯಲ್ಲಿ ಸೇವೆ ಮಾಡಲು ಅಪ್ಪಣೆಯಾಗಿತ್ತು. ಚುಚ್ಚುಮದ್ದು ಹಾಕಿಸಿಕೊಳ್ಳಬೇಕು, ಮಲೇರಿಯಾ ಮಾತ್ರೆ ನುಂಗಬೇಕು, ಸೊಳ್ಳೆಪರದೆ ಒಯ್ಯಬೇಕು ಎಂದು ತಮ್ಮ ಪಟ್ಟಿ ಮಾಡುತ್ತಿದ್ದ. ಅಜ್ಜಿಗೆ ಅದು ಸರಿಬರಲಿಲ್ಲ. ದೇವರ ಕೆಲಸಕ್ಕೆ ಹೋಗುವವಳನ್ನು ದೇವರೇ ಕಾಯುವುದಿಲ್ಲವೇ, ಇಷ್ಟೊಂದು ಹೆದರಿಕೆ ಯಾಕೆ ಎಂದು ಆಕೆ ಕೇಳಿದರು. ಸೊಳ್ಳೆಯೂ ದೇವರ ಸೃಷ್ಟಿಯೇ ತಾನೇ ಎಂಬ ಮಾತೂ ಬಂತು. ಮಗಳು ಸುಮ್ಮನೆ ಕುಳಿತಿದ್ದಳು. ಅಜ್ಜಿಯ ಮಾತಿಗೆ ಎದುರಾಡಿದರೆ ವಿಶ್ವಾಸ ಕಡಿಮೆಯಾದಂತೆ. ತಮ್ಮನ ಮಾತು ಬಿಟ್ಟರೆ ಬುದ್ಧಿ ಕಡಿಮೆಯಾದಂತೆ. ಯಾವುದನ್ನು ಹಿಡಿಯುವುದು?

ಪ್ರಿಯ ವಾಚಕರೇ, ಅಜ್ಜಿ ಕೇಳಿದ ಪ್ರಶ್ನೆ ಸಣ್ಣದಲ್ಲ. ಅದೇ ಪ್ರಶ್ನೆ 1883ರಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಎದ್ದಿತ್ತು. ಅದನ್ನು ಎದುರಿಸಿದವರು ಇಪ್ಪತ್ತಾರು ವರ್ಷದ ಒಬ್ಬ ಸೇನಾ ವೈದ್ಯರು. ಮಲೇರಿಯಾವನ್ನು ಹರಡುವುದು ಸೊಳ್ಳೆಯೇ ಎಂದು ಮುಂದೆ ಲೋಕಕ್ಕೆ ತೋರಿಸಿಕೊಟ್ಟ ಸರ್ ರೊನಾಲ್ಡ್ ರಾಸ್ ಅವರೇ ಆ ವೈದ್ಯರು. ಅವರು ನಮ್ಮ ಧರ್ಮಸಭೆಯವರಲ್ಲ, ಸಂತರೂ ಅಲ್ಲ. ಆದರೂ ಪ್ರಯಾಣಕ್ಕೆ ಹೊರಡುವ ಪ್ರತಿಯೊಂದು ಕುಟುಂಬವೂ ತಿಳಿಯಬೇಕಾದ ಪಾಠವೊಂದು ಅವರ ಬಾಳಿನಲ್ಲಿದೆ.

ಕವಿಯಾಗಬೇಕೆಂದವನು ವೈದ್ಯನಾದ

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಅಲ್ಮೋರಾದಲ್ಲಿ. ತಂದೆ ಕ್ಯಾಂಪ್‌ಬೆಲ್ ರಾಸ್ ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿ ಅಧಿಕಾರಿ. ಮುಂದೆ ಜನರಲ್ ಆದವರು. ಹತ್ತು ಮಕ್ಕಳಲ್ಲಿ ರೊನಾಲ್ಡ್ ಹಿರಿಯ. ಎಂಟು ವರ್ಷವಾದಾಗ ವಿದ್ಯಾಭ್ಯಾಸಕ್ಕೆಂದು ಅವನನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಬಂಧುಗಳ ಮನೆಯಲ್ಲಿ ಬೆಳೆದ. ಕಾವ್ಯ, ಸಂಗೀತ, ಚಿತ್ರಕಲೆ, ಗಣಿತ ಇವುಗಳಲ್ಲೇ ಅವನಿಗೆ ಆಸೆ. ವೈದ್ಯನಾಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆದರೆ ತಂದೆಯ ಆಜ್ಞೆ ಮೀರುವಂತಿರಲಿಲ್ಲ. 1874ರಲ್ಲಿ ಲಂಡನ್ನಿನ ಸಂತ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯಶಾಲೆ ಸೇರಿದ. ಓದಿನಲ್ಲಿ ಹೇಳಿಕೊಳ್ಳುವಂಥ ಹೆಸರೇನೂ ಬರಲಿಲ್ಲ. ಒಂದು ಪರೀಕ್ಷೆಯಲ್ಲಿ ಸೋತು, ಮತ್ತೆ ಕಟ್ಟಿ, ಅಂತೂ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಹುಟ್ಟಿದ ನಾಡಿಗೆ ಮರಳಿದ.

ತಾನು ಬಯಸಿದ ದಾರಿ ಮುಚ್ಚಿ, ಬಯಸದ ದಾರಿ ತೆರೆದಾಗ ಮನುಷ್ಯ ಗೊಣಗುತ್ತಾನೆ. ರಾಸ್ ಕೂಡ ಬಹಳ ವರ್ಷ ಗೊಣಗುತ್ತಲೇ ಇದ್ದರು. ಮದರಾಸು ಪ್ರಾಂತದ ಸೈನ್ಯದ ಆಸ್ಪತ್ರೆಗಳಲ್ಲಿ ಕೆಲಸ ಕಡಿಮೆ, ಬಿಡುವು ಹೆಚ್ಚು. ಆ ಬಿಡುವಿನಲ್ಲಿ ಪದ್ಯ ಬರೆದರು, ಕಾದಂಬರಿ ಬರೆದರು, ಗಣಿತ ಓದಿದರು. ದೇವರು ಈ ಅಲೆದಾಟವನ್ನೂ ವ್ಯರ್ಥ ಮಾಡಲಿಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಬೆಂಗಳೂರಿನ ಪೀಪಾಯಿ

1883ರಲ್ಲಿ ರಾಸ್ ಅವರಿಗೆ ಬೆಂಗಳೂರಿಗೆ ವರ್ಗವಾಯಿತು. ಹವೆ ಹಿತವಾಗಿತ್ತು, ಬಂಗಲೆ ಚೆನ್ನಾಗಿತ್ತು. ಒಂದೇ ತೊಂದರೆಯೆಂದರೆ ಸೊಳ್ಳೆ. ಅದರಲ್ಲೂ ತಮ್ಮ ಕೋಣೆಯಲ್ಲೇ ಅದರ ಕಾಟ ಉಳಿದ ಕೋಣೆಗಳಿಗಿಂತ ಹೆಚ್ಚು ಯಾಕೆ ಎಂದು ಅವರಿಗೆ ಅಚ್ಚರಿ. ಹುಡುಕುತ್ತ ಹೋದಾಗ ಕಿಟಕಿಯ ಹೊರಗೆ ನೀರಿನ ಪೀಪಾಯಿ ಕಂಡಿತು. ಅದರ ನೀರಿನಲ್ಲಿ ಸಣ್ಣ ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಅವು ಸೊಳ್ಳೆಯ ಮರಿಗಳೆಂದು ಗೊತ್ತಾದೊಡನೆ ಪೀಪಾಯಿಯನ್ನು ಮಗುಚಿಸಿದರು. ಕೋಣೆಯ ಸೊಳ್ಳೆ ಬಹುಮಟ್ಟಿಗೆ ತಗ್ಗಿತು.

ಇಷ್ಟಕ್ಕೆ ಸುಮ್ಮನಿರದೆ ರಾಸ್ ಒಬ್ಬ ಸೇನಾಧಿಕಾರಿಯ ಬಳಿ ಹೋದರು. ಅಧಿಕಾರಿಗಳ ಭೋಜನಗೃಹದ ಸುತ್ತಲೂ ಇರುವ ಪೀಪಾಯಿ, ಹೂಕುಂಡ, ಡಬ್ಬಿಗಳ ನೀರನ್ನೂ ಹೀಗೆಯೇ ಚೆಲ್ಲಿಸಿದರೆ ಎಲ್ಲರಿಗೂ ನೆಮ್ಮದಿ ಎಂದರು. ಅಧಿಕಾರಿ ಒಪ್ಪಲಿಲ್ಲ. ಹಾಗೆ ಮಾಡುವುದು ಸೃಷ್ಟಿಯ ಕ್ರಮಕ್ಕೆ ಕೈಹಾಕಿದಂತೆ. ಸೊಳ್ಳೆಯನ್ನು ಯಾವುದೋ ಉದ್ದೇಶಕ್ಕಾಗಿ ಸೃಷ್ಟಿಸಲಾಗಿದೆ, ಅದನ್ನು ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬುದು ಆತನ ವಾದ. ಹಾಗಾದರೆ ತಿಗಣೆಯನ್ನೂ ಚಿಗಟವನ್ನೂ ಸಾಕಿಕೊಳ್ಳಬೇಕಾದೀತು ಎಂದು ರಾಸ್ ವಾದಿಸಿದರೂ ಆತ ಜಗ್ಗಲಿಲ್ಲ.

ಆ ಸೇನಾಧಿಕಾರಿಯ ಮಾತು ಕೇಳಲು ಭಕ್ತಿಯಂತೆ ಕಾಣುತ್ತದೆ. ಆದರೆ ಅದು ನಮ್ಮ ಧರ್ಮಸಭೆ ಕಲಿಸುವ ಭಕ್ತಿಯಲ್ಲ. ದೇವರು ಭೂಮಿಯನ್ನು ಮನುಷ್ಯನ ಕೈಗೆ ಒಪ್ಪಿಸಿದ್ದು ಅದನ್ನು ನೋಡಿಕೊಳ್ಳಲೆಂದು. ಹೊಲದಲ್ಲಿ ಕಳೆ ಬೆಳೆದರೆ ಕೀಳುತ್ತೇವೆ, ದನದ ಕೊಟ್ಟಿಗೆ ತೊಳೆಯುತ್ತೇವೆ. ಕಳೆಯೂ ಸೃಷ್ಟಿಯೇ ಎಂದು ಬಿಡುವ ರೈತನನ್ನು ಯಾರೂ ಭಕ್ತನೆನ್ನುವುದಿಲ್ಲ. ಅಂದು ಆ ಪೀಪಾಯಿಯಲ್ಲಿದ್ದ ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ರಾಸ್ ಅವರಿಗೂ ಗೊತ್ತಿರಲಿಲ್ಲ. ಆದರೆ ನೀರು ನಿಂತಲ್ಲಿ ಸೊಳ್ಳೆ, ನೀರು ಚೆಲ್ಲಿದರೆ ಸೊಳ್ಳೆ ಇಲ್ಲ ಎಂಬ ಪಾಠವನ್ನು ಅವರು ಕಲಿತದ್ದು ನಮ್ಮ ಕನ್ನಡ ನೆಲದಲ್ಲಿ.

ರೋಮಾಪುರಿಯ ಕೆಟ್ಟ ಗಾಳಿ

ಆ ಕಾಲಕ್ಕೆ ಚಳಿಜ್ವರದ ಕಾರಣ ಯಾರಿಗೂ ಸ್ಪಷ್ಟವಿರಲಿಲ್ಲ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಕಾರಣವೆಂದು ಸಾವಿರಾರು ವರ್ಷ ನಂಬಿದ್ದರು. ಮಲೇರಿಯಾ ಎಂಬ ಇಟಾಲಿಯನ್ ಮಾತಿನ ಅರ್ಥವೇ ಕೆಟ್ಟ ಗಾಳಿ. ಪವಿತ್ರ ನಗರ ರೋಮಿನ ಸುತ್ತಲಿನ ಬಯಲು ಈ ಜ್ವರಕ್ಕೆ ಹೆಸರಾಗಿತ್ತು. ವಿಶ್ವಗುರುಗಳ ಆಯ್ಕೆಗೆ ಬಂದ ಕಾರ್ಡಿನಲ್‌ಗಳೂ ಯಾತ್ರಿಕರೂ ಅದಕ್ಕೆ ಬಲಿಯಾದದ್ದುಂಟು.

ಈ ಜ್ವರದ ಮದ್ದಿನ ಕಥೆಯಲ್ಲಿ ನಮ್ಮ ಧರ್ಮಸಭೆಗೂ ಪಾಲಿದೆ. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆ ಜ್ವರವನ್ನು ಇಳಿಸುತ್ತದೆಂದು ತಿಳಿದ ಯೇಸುಸಭೆಯ ಗುರುಗಳು 17ನೆಯ ಶತಮಾನದಲ್ಲಿ ಅದನ್ನು ಯುರೋಪಿಗೆ ತಂದರು. ಅದೇ ಸಭೆಯ ಕಾರ್ಡಿನಲ್ ಹುವಾನ್ ದೆ ಲೂಗೋ ರೋಮಿನ ಬಡರೋಗಿಗಳಿಗೆ ಅದನ್ನು ಹಂಚಿಸಿದರು. ಜನ ಅದನ್ನು ಜೆಸ್ವಿತರ ಪುಡಿ ಎಂದೇ ಕರೆದರು. ಜೆಸ್ವಿತರು ತಂದದ್ದೆಂಬ ಕಾರಣಕ್ಕೇ ಅನುಮಾನಪಟ್ಟು ಅದನ್ನು ಮುಟ್ಟದವರೂ ಇದ್ದರು. 1820ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಆ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದರು. 1860ರ ದಶಕದಲ್ಲಿ ನಮ್ಮ ನೀಲಗಿರಿಯಲ್ಲಿ ಸಿಂಕೋನಾ ತೋಟಗಳೆದ್ದವು. ಹೀಗೆ ಮದ್ದು ಸಿಕ್ಕಿತು. ರೋಗ ಬರುವ ದಾರಿ ಮಾತ್ರ ಗೊತ್ತಾಗಿರಲಿಲ್ಲ.

1880ರಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವೆರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಮಲೇರಿಯಾದ ರೋಗಾಣುವನ್ನು ಕಂಡರು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದ ರಾಸ್ ಅವರಿಗೆ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಆ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಇದಕ್ಕೂ ಸೊಳ್ಳೆಗೂ ಸಂಬಂಧವಿರಬಹುದೆಂಬ ತಮ್ಮ ಊಹೆಯನ್ನೂ ಹೇಳಿದರು. ರಾಸ್ ಬದುಕಿಗೆ ಅಂದು ಒಂದು ಗುರಿ ದೊರಕಿತು.

ಸಿಗೂರು ಘಾಟಿನ ಪ್ರಯಾಣ

1895ರಲ್ಲಿ ಸಿಕಂದರಾಬಾದಿಗೆ ಬಂದ ರಾಸ್ ಸೊಳ್ಳೆಗಳನ್ನು ಹಿಡಿದು ಸೀಳಿ ಪರೀಕ್ಷಿಸತೊಡಗಿದರು. ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ ಹಬ್ಬಿ, ನೈರ್ಮಲ್ಯ ಕಾರ್ಯಕ್ಕೆಂದು ಅವರನ್ನು ಅಲ್ಲಿಗೆ ಕಳಿಸಿದರು. ಸಂಶೋಧನೆ ಕುಂಟಿತು.

1897ರಲ್ಲಿ ರಜೆ ಪಡೆದು ಅವರು ಉದಕಮಂಡಲಕ್ಕೆ ಹೋದರು. ಬೆಟ್ಟದ ಮೇಲೆ ತಂಪು, ಆರೋಗ್ಯ. ಆದರೆ ಬೆಟ್ಟದ ಬುಡದ ಸಿಗೂರು ಘಾಟು ಚಳಿಜ್ವರದ ಬೀಡು. ರೋಗವನ್ನು ಅದರ ಮನೆಯಲ್ಲೇ ನೋಡಬೇಕೆಂದು ರಾಸ್ ಕೆಳಗಿಳಿದರು. ಅಂದಿನ ತಿಳುವಳಿಕೆಗೆ ತಕ್ಕ ಎಚ್ಚರಿಕೆಗಳನ್ನು ತೆಗೆದುಕೊಂಡೇ ಹೋಗಿದ್ದರು. ಆದರೂ ಕೆಲವೇ ದಿನಗಳಲ್ಲಿ ಮೈನಡುಕ ಹಿಡಿಯಿತು. ಜ್ವರದ ಬಗ್ಗೆ ಲೋಕಕ್ಕೆ ತಿಳಿಸಬೇಕೆಂದು ಹೊರಟವರೇ ಜ್ವರ ಹೊತ್ತು ಬೆಟ್ಟ ಹತ್ತಬೇಕಾಯಿತು. ಕ್ವಿನೈನ್ ಅವರನ್ನು ಉಳಿಸಿತು.

ಈ ಘಟನೆಯನ್ನು ಓದಿದಾಗ ಎಚ್ಚರಿಕೆಯಿಂದ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ರಾಸ್ ಹಾಗೆ ಕೇಳಲಿಲ್ಲ. ಎಚ್ಚರಿಕೆ ಸೋತದ್ದು ಎಲ್ಲಿ ಎಂದು ಯೋಚಿಸಿದರು. ಯಾವ ಸೊಳ್ಳೆ, ಯಾವ ಹೊತ್ತು, ಯಾವ ದಾರಿ ಎಂದು ಗೊತ್ತಿಲ್ಲದೆ ತೆಗೆದುಕೊಳ್ಳುವ ಎಚ್ಚರಿಕೆ ಕತ್ತಲೆಯಲ್ಲಿ ಬೀಸಿದ ಕೋಲಿನಂತೆ. ಶತ್ರುವನ್ನು ಗುರುತಿಸಬೇಕಿತ್ತು. ಆ ಕಣಿವೆಯಲ್ಲಿ ಅವರು ಗೋಡೆಯ ಮೇಲೆ ಬೇರೆಯೇ ಭಂಗಿಯಲ್ಲಿ, ಹಿಂಭಾಗ ಎತ್ತಿ ಕುಳಿತ, ರೆಕ್ಕೆಯಲ್ಲಿ ಚುಕ್ಕೆಗಳಿದ್ದ ಸೊಳ್ಳೆಯೊಂದನ್ನು ಕಂಡಿದ್ದರು. ಅದೇ ಇಂದು ನಾವು ಅನಾಫಿಲಿಸ್ ಎನ್ನುವ ಜಾತಿ.

ಆಗಸ್ಟ್ 20

ಮತ್ತೆ ಸಿಕಂದರಾಬಾದ್. ಬೇಗಂಪೇಟೆಯ ಆಸ್ಪತ್ರೆಯ ಪುಟ್ಟ ಕೋಣೆ. ಮಳೆ ಸರಿಯಾಗಿ ಬಾರದ ಉರಿಬಿಸಿಲಿನ ಕಾಲ. ಸೊಳ್ಳೆಗಳು ಹಾರಿಹೋದಾವೆಂದು ಪಂಕಾ ಬೀಸಿಸುವಂತಿರಲಿಲ್ಲ. ಬೆವರು ಹನಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಸಹಾಯಕರು ತಂದ ಮರಿಗಳಿಂದ ಬೆಳೆಸಿದ ಚುಕ್ಕೆ ರೆಕ್ಕೆಯ ಸೊಳ್ಳೆಗಳನ್ನು ಹುಸೇನ್ ಖಾನ್ ಎಂಬ ರೋಗಿಯ ಮೇಲೆ ಬಿಟ್ಟು ಕಚ್ಚಿಸಿದರು. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಆತನಿಗೆ ಕೂಲಿ.

1897ರ ಆಗಸ್ಟ್ 20ರಂದು ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಸೀಳಿ ನೋಡುವಾಗ ಅದರ ಹೊಟ್ಟೆಯ ಗೋಡೆಯಲ್ಲಿ ದುಂಡಗಿನ ಕೋಶಗಳು ಕಂಡವು. ಅವುಗಳೊಳಗೆ ಮಲೇರಿಯಾ ರೋಗಾಣುವಿನದೇ ಕಪ್ಪು ಕಣಗಳು. ಎರಡು ವರ್ಷದ ಸೋಲು ಒಂದು ಕ್ಷಣದಲ್ಲಿ ಗೆಲುವಾಯಿತು. ತಾನು ಕಂಡದ್ದನ್ನು ನೆನೆದು ದೇವರಿಗೆ ಕೃತಜ್ಞತೆ ಸಲ್ಲಿಸುವ ಪದ್ಯವೊಂದನ್ನು ರಾಸ್ ಬರೆದರು. ಕವಿಯಾಗಬೇಕೆಂದಿದ್ದ ಬಾಲಕನ ಲೇಖನಿಗೆ ಅಂದು ಸರಿಯಾದ ವಸ್ತು ಸಿಕ್ಕಿತ್ತು. ಆಗಸ್ಟ್ 20ನ್ನು ಲೋಕವೆಲ್ಲ ಇಂದಿಗೂ ಸೊಳ್ಳೆ ದಿನವೆಂದು ಆಚರಿಸುತ್ತದೆ.

ಮರುವರ್ಷ ಕಲ್ಕತ್ತೆಯಲ್ಲಿ ಮಹಮ್ಮದ್ ಬಕ್ಸ್ ಎಂಬ ಸಹಾಯಕನ ನೆರವಿನಿಂದ ಹಕ್ಕಿಗಳ ಮಲೇರಿಯಾವನ್ನು ಅಭ್ಯಾಸ ಮಾಡಿ, ರೋಗಾಣು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ಹೋಗಿ, ಕಚ್ಚುವಾಗ ಇನ್ನೊಂದು ಹಕ್ಕಿಯ ರಕ್ತ ಸೇರುವ ದಾರಿಯನ್ನು ಅವರು ಪೂರ್ತಿಯಾಗಿ ತೋರಿಸಿದರು. 1898ರ ಕೊನೆಗೆ ಇಟಲಿಯಲ್ಲಿ ಜೋವಾನ್ನಿ ಬತ್ತಿಸ್ತಾ ಗ್ರಾಸ್ಸಿ ಮತ್ತು ಸಂಗಡಿಗರು ಮನುಷ್ಯನಿಗೂ ಅನಾಫಿಲಿಸ್ ಸೊಳ್ಳೆಯಿಂದಲೇ ಮಲೇರಿಯಾ ಬರುವುದನ್ನು ದೃಢಪಡಿಸಿದರು.

1900ರಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಮ್ಯಾನ್ಸನ್ ಅವರ ಏರ್ಪಾಡಿನಂತೆ ಇಬ್ಬರು ವೈದ್ಯರು, ಲೋ ಮತ್ತು ಸಾಂಬೋನ್, ರೋಮಿನ ಬಳಿಯ ಕುಖ್ಯಾತ ಜೌಗು ಬಯಲಿನಲ್ಲಿ ಜಾಲರಿ ಹಾಕಿದ ಗುಡಿಸಲು ಕಟ್ಟಿಕೊಂಡು ಜ್ವರದ ಕಾಲವನ್ನೆಲ್ಲ ಅಲ್ಲಿಯೇ ಕಳೆದರು. ಕ್ವಿನೈನ್ ಮುಟ್ಟಲಿಲ್ಲ. ಹಗಲೆಲ್ಲ ಹೊರಗೆ ತಿರುಗಾಡಿದರು, ಅದೇ ಗಾಳಿ ಉಸಿರಾಡಿದರು. ಸಂಜೆಯಿಂದ ಬೆಳಗಿನವರೆಗೆ ಮಾತ್ರ ಜಾಲರಿಯೊಳಗೆ ಇದ್ದರು. ಸುತ್ತಲಿನವರು ಜ್ವರದಿಂದ ನರಳುತ್ತಿದ್ದರೂ ಅವರಿಗೆ ಜ್ವರ ಬರಲಿಲ್ಲ. ಕೆಟ್ಟ ಗಾಳಿಯ ನಂಬಿಕೆ ಅಲ್ಲಿಗೆ ಮುಗಿಯಿತು. ಒಂದು ಸೊಳ್ಳೆಪರದೆ ಏನು ಮಾಡಬಲ್ಲದೆಂದು ಲೋಕ ಕಂಡಿತು.

ಫ್ರೀಟೌನಿನ ಎರಡು ಪಯಣಗಳು

1899ರಲ್ಲಿ ರಾಸ್ ಭಾರತವನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಬೋಧಕರಾದರು. ಅದೇ ವರ್ಷ ಆಗಸ್ಟಿನಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿನ ಫ್ರೀಟೌನಿಗೆ ಹೋದರು. ಹೊರಗಿನಿಂದ ಬಂದವರು ಹೆಚ್ಚು ದಿನ ಬದುಕದ ಊರೆಂದು ಅದು ಕುಖ್ಯಾತವಾಗಿತ್ತು.

ಆ ಊರಿನ ಹೆಸರು ಕೇಳಿದಾಗ ನಮ್ಮ ಮನಸ್ಸು ನಾಲ್ವತ್ತು ವರ್ಷ ಹಿಂದಕ್ಕೆ ಹೋಗುತ್ತದೆ. ಪೂಜ್ಯ ಧರ್ಮಾಧ್ಯಕ್ಷ ಮೆಲ್ಕಿಯೋರ್ ದೆ ಮಾರಿಯೋನ್ ಬ್ರೆಸಿಯಾಕ್ ಅವರು ದಕ್ಷಿಣ ಭಾರತದಲ್ಲಿ, ಪುದುಚೇರಿ ಹಾಗೂ ಕೊಯಮತ್ತೂರಿನಲ್ಲಿ, ಸೇವೆ ಮಾಡಿದ ಫ್ರೆಂಚ್ ಗುರುಗಳು. ಆಫ್ರಿಕಾದಲ್ಲಿ ಶುಭಸಂದೇಶ ಸಾರಲೆಂದು 1856ರಲ್ಲಿ ಲಿಯೋನ್ ನಗರದಲ್ಲಿ ಒಂದು ಧಾರ್ಮಿಕ ಸಭೆಯನ್ನು ಸ್ಥಾಪಿಸಿದರು. 1859ರ ಮೇ ತಿಂಗಳಲ್ಲಿ ಫ್ರೀಟೌನಿನಲ್ಲಿ ಇಳಿದರು. ಊರಿನಲ್ಲಿ ಹಳದಿ ಜ್ವರ ಹಬ್ಬಿತ್ತು. ಜೂನ್ 25ರಂದು, ಬಂದು ಆರು ವಾರವಾಗುವಷ್ಟರಲ್ಲಿ, ಅವರು ಆ ಜ್ವರಕ್ಕೆ ಬಲಿಯಾದರು. ಅವರ ಸಂಗಡಿಗ ಗುರುಗಳೂ ತೀರಿಕೊಂಡರು.

ಆ ಜ್ವರವೂ ಸೊಳ್ಳೆಯಿಂದಲೇ ಬರುವುದೆಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೇ ಆ ವಿಚಾರವನ್ನು ಮುಂದಿಟ್ಟದ್ದು 1881ರಲ್ಲಿ. ಅಮೆರಿಕದ ವೈದ್ಯರು ಅದನ್ನು ಸಾಬೀತುಪಡಿಸಿದ್ದು 1900ರಲ್ಲಿ. ಒಂದೇ ಚುಚ್ಚುಮದ್ದಿನಿಂದ ಅದನ್ನು ತಡೆಯುವ ಲಸಿಕೆ ಬಂದದ್ದು 1930ರ ದಶಕದಲ್ಲಿ. ಬ್ರೆಸಿಯಾಕ್ ಅವರಿಗೆ ಎಚ್ಚರಿಕೆ ಬೇಕೋ ಬೇಡವೋ ಎಂದು ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ತಿಳಿದೂ ತಿಳಿದೂ ಪ್ರಾಣವನ್ನು ಅಪಾಯಕ್ಕೆ ಒಡ್ಡಿದ್ದು ಕ್ರಿಸ್ತನ ಪ್ರೀತಿಗಾಗಿ. ಇಂದು ನಮಗೆ ಆ ಅವಕಾಶವಿದೆ. ಅವರಿಗೆ ಸಿಗದ ಲಸಿಕೆ ಕೈಗೆಟಕುವಂತಿರುವಾಗ ಅದನ್ನು ಬೇಡವೆನ್ನುವುದನ್ನು ಅವರ ತ್ಯಾಗಕ್ಕೆ ಸಮನೆಂದು ತಿಳಿಯಬಾರದು.

ಪೊರಕೆ ಹಿಡಿದ ಪಡೆ

ಫ್ರೀಟೌನಿನಿಂದ ಬಂದ ಮೇಲೆ ರಾಸ್ ಅವರ ಬಾಳಿನ ಉಳಿದ ಭಾಗವೆಲ್ಲ ಒಂದೇ ಮಾತನ್ನು ಸಾರುವುದರಲ್ಲಿ ಕಳೆಯಿತು: ನೀರು ನಿಲ್ಲಗೊಡಬೇಡಿ. ಚರಂಡಿ ತೆಗೆಯುವ, ಹೊಂಡ ಮುಚ್ಚುವ, ಡಬ್ಬಿ ಬಕೆಟ್ಟು ಬರಿದುಮಾಡುವ ಕೆಲಸಗಾರರ ತಂಡಗಳನ್ನು ಕಟ್ಟಬೇಕೆಂದು ಪುಸ್ತಕ ಬರೆದರು. 1902ರಲ್ಲಿ ಸುಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ ಪಟ್ಟಣಕ್ಕೆ ಹೋಗಿ ಸಲಹೆ ಕೊಟ್ಟರು. ಜ್ವರದಿಂದ ನಲುಗಿದ್ದ ಆ ಊರಿನಲ್ಲಿ ಕೆಲವೇ ವರ್ಷಗಳಲ್ಲಿ ಮಲೇರಿಯಾ ಹೆಚ್ಚುಕಡಿಮೆ ಇಲ್ಲವಾಯಿತು. ಅದೇ 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಗ್ರೀಸ್, ಮಾರಿಷಸ್ ಎಂದು ಊರೂರು ತಿರುಗಿದರು. ಒಂದು ಊರಿನ ಪ್ರತಿಯೊಂದು ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗೆ ತಂದರೆ ರೋಗ ತಾನಾಗಿ ಆರುತ್ತದೆ ಎಂದು ಗಣಿತದಿಂದ ತೋರಿಸಿದರು. ಯೌವನದಲ್ಲಿ ಬೇಸರ ಕಳೆಯಲು ಕಲಿತ ಗಣಿತ ಹೀಗೆ ಲಕ್ಷಾಂತರ ಜನರ ಪ್ರಾಣಕ್ಕೆ ಒದಗಿತು.

ರಾಸ್ ಅವರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಕೀರ್ತಿಯ ಪಾಲಿಗಾಗಿ ಗ್ರಾಸ್ಸಿಯವರೊಡನೆ ಕಹಿಯಾಗಿ ಜಗಳವಾಡಿದರು. ದಾರಿ ತೋರಿದ ಮ್ಯಾನ್ಸನ್ ಅವರೊಡನೆಯೂ ಮನಸ್ತಾಪ ಮಾಡಿಕೊಂಡರು. ತಕ್ಕ ಪ್ರತಿಫಲ ಸಿಗಲಿಲ್ಲವೆಂಬ ಕೊರಗು ಕೊನೆಯವರೆಗೂ ಉಳಿಯಿತು. ದುಃಖವೂ ಬಂತು. 1914ರ ಆಗಸ್ಟಿನಲ್ಲಿ ಅವರ ಹಿರಿಯ ಮಗ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದ. ಮಹಾಯುದ್ಧದಲ್ಲಿ ರಾಸ್ ಸೈನಿಕರ ಮಲೇರಿಯಾ ತಡೆಯಲು ಸಲಹೆಗಾರರಾಗಿ ದುಡಿದರು. 1926ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಸ್ಥೆಯೊಂದು ತೆರೆಯಿತು. 1931ರಲ್ಲಿ ಪತ್ನಿ ರೋಸಾ ತೀರಿಕೊಂಡರು. ಮರುವರ್ಷ, 1932ರ ಸೆಪ್ಟೆಂಬರ್ 16ರಂದು, ರಾಸ್ ಅವರೂ ಕಣ್ಣು ಮುಚ್ಚಿದರು.

ಅವರು ತೋರಿದ ದಾರಿಯಲ್ಲಿ ನಮ್ಮ ನಾಡೂ ನಡೆಯಿತು. ಸ್ವಾತಂತ್ರ್ಯದ ಹೊತ್ತಿಗೆ ಭಾರತದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1940ರ ದಶಕದಲ್ಲಿ ನಮ್ಮ ನೆರೆಯ ಧಾರವಾಡ ಮತ್ತು ಕಾರವಾರದ ಕಡೆಯ ಹಳ್ಳಿಗಳಲ್ಲಿ ಡಿಡಿಟಿ ಸಿಂಪಡಿಸಿ ಕಂಡ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿಯಾಯಿತು. ಖಾನಾಪುರದ ಕಾಡಂಚಿನ ಇಂದಿನ ಮಕ್ಕಳಿಗೆ ಚಳಿಜ್ವರದ ಹಳೆಯ ಭಯ ಗೊತ್ತಿಲ್ಲದಿರುವುದಕ್ಕೆ ಇಂಥ ದುಡಿಮೆಯೇ ಕಾರಣ.

ಹೊರಡುವ ಮುನ್ನ

ಮಚ್ಛೆಯ ಆ ಮನೆಗೆ ಮರಳೋಣ. ಆಫ್ರಿಕಾದಲ್ಲಿ ಮಲೇರಿಯಾ ಇನ್ನೂ ದೊಡ್ಡ ಶತ್ರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಲೋಕದಲ್ಲಿ ಸುಮಾರು ಆರು ಲಕ್ಷ ಜನ ಅದರಿಂದ ಸತ್ತರು. ನೂರರಲ್ಲಿ ತೊಂಬತ್ತೈದು ಸಾವು ಆಫ್ರಿಕಾದಲ್ಲಿ. ನಾವು ಸೊಳ್ಳೆಯ ನಾಡಿನಲ್ಲೇ ಹುಟ್ಟಿ ಬೆಳೆದವರು, ನಮಗೇನಾಗುತ್ತದೆ ಎನ್ನುವವರಿದ್ದಾರೆ. ಈ ಧೈರ್ಯಕ್ಕೆ ಆಧಾರವಿಲ್ಲ. ರಾಸ್ ಹುಟ್ಟಿದ್ದೂ ಭಾರತದಲ್ಲೇ.

ಆಫ್ರಿಕಾದ ಕಡೆ ಹೊರಡುವವರು ನಾಲ್ಕರಿಂದ ಆರು ವಾರ ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು. ಹಳದಿ ಜ್ವರವಿರುವ ದೇಶವಾದರೆ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ, ಹೊರಡುವ ಹತ್ತು ದಿನ ಮೊದಲಾದರೂ, ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಬೇಕು. 2016ರಿಂದ ಆ ಪತ್ರ ಜೀವಮಾನಕ್ಕೆಲ್ಲ ಸಲ್ಲುತ್ತದೆ. ಅಲ್ಲಿಂದ ಹಿಂದಿರುಗುವವರನ್ನು ನಮ್ಮ ದೇಶವೂ ಅದನ್ನು ಕೇಳುತ್ತದೆ, ಏಕೆಂದರೆ ಆ ರೋಗ ನಮ್ಮಲ್ಲಿಲ್ಲ, ಅದನ್ನು ಹೊರಬಲ್ಲ ಸೊಳ್ಳೆ ಇದೆ.

ಮಲೇರಿಯಾ ತಡೆಯುವ ಮಾತ್ರೆಗಳಲ್ಲಿ ದಿನಕ್ಕೊಮ್ಮೆ ನುಂಗುವುದೂ ಇದೆ, ವಾರಕ್ಕೊಮ್ಮೆ ನುಂಗುವುದೂ ಇದೆ. ಯಾವುದು ಯಾರಿಗೆ ಎಂಬುದನ್ನು ಹೋಗುವ ದೇಶ, ವಯಸ್ಸು, ಗರ್ಭ, ಹಳೆಯ ಕಾಯಿಲೆ ನೋಡಿ ವೈದ್ಯರು ಹೇಳಬೇಕು. ಔಷಧ ಅಂಗಡಿಯಲ್ಲಿ ಕೇಳಿ ತರುವುದಲ್ಲ. ಎಲ್ಲ ಮಾತ್ರೆಗಳನ್ನೂ ಹೊರಡುವ ಮೊದಲೇ ಆರಂಭಿಸಿ, ಮರಳಿದ ಮೇಲೂ ಹೇಳಿದಷ್ಟು ದಿನ ನುಂಗಬೇಕು. ಹೆಚ್ಚಿನವನ್ನು ನಾಲ್ಕು ವಾರ ಮುಂದುವರಿಸಬೇಕಾಗುತ್ತದೆ. ಮನೆ ಸೇರಿದೆವೆಂದು ನಡುವೆ ಬಿಟ್ಟು ಜ್ವರಕ್ಕೆ ಬಿದ್ದವರುಂಟು. ಮಾತ್ರೆ ನುಂಗಿದರೂ ಔಷಧ ಲೇಪಿಸಿದ ಸೊಳ್ಳೆಪರದೆ ಬೇಕು. ಸಂಜೆ ತುಂಬು ತೋಳಿನ ಬಟ್ಟೆ ಬೇಕು.

ಡೆಂಗ್ಯೂ, ಚಿಕೂನ್‌ಗುನ್ಯಗಳ ದಾರಿ ಬೇರೆ. ಅವನ್ನು ಹರಡುವ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಮನೆಯ ಒಳ್ಳೆಯ ನೀರಿನಲ್ಲೇ ಹುಟ್ಟುತ್ತದೆ. ಮಲೇರಿಯಾ ಮಾತ್ರೆ ಅವಕ್ಕೆ ನಾಟದು. ಇದಕ್ಕೆ ಆಫ್ರಿಕಾದವರೆಗೆ ಹೋಗಬೇಕಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರವೇ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಗೋವೆಗೆ ನಾಲ್ಕು ದಿನ ಹೋಗುವವರೂ ಮನೆಯ ಬಕೆಟ್ಟು, ಡ್ರಮ್ಮು, ಹೂಕುಂಡದ ತಟ್ಟೆ ಬರಿದುಮಾಡಿ ಬೀಗ ಹಾಕಲಿ. ಬೆಂಗಳೂರಿನ ಪೀಪಾಯಿಯ ಪಾಠ ಅಲ್ಲಿಗೂ ಸಲ್ಲುತ್ತದೆ.

ಇನ್ನೊಂದು ಮಾತು. ಮರಳಿ ಬಂದ ಮೇಲೆ, ವಾರಗಳಾಗಲಿ ತಿಂಗಳುಗಳಾಗಲಿ ಕಳೆದಿರಲಿ, ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಎಲ್ಲಿಗೆ ಹೋಗಿದ್ದೆವೆಂದು ವೈದ್ಯರಿಗೆ ಹೇಳಬೇಕು. ಇದು ನಮ್ಮೊಬ್ಬರ ಪ್ರಾಣದ ವಿಷಯ ಮಾತ್ರವಲ್ಲ. ರೋಗಾಣುವನ್ನು ರಕ್ತದಲ್ಲಿ ಹೊತ್ತು ಬಂದವನನ್ನು ಊರಿನ ಸೊಳ್ಳೆ ಕಚ್ಚಿದರೆ, ಅದು ನೆರೆಮನೆಯ ಕೂಸಿಗೆ ಆ ರೋಗವನ್ನು ಒಯ್ಯಬಹುದು. ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆ ಇಲ್ಲಿ ಒಂದು ಮಾತ್ರೆಯ ರೂಪದಲ್ಲಿ, ಒಂದು ಪರದೆಯ ರೂಪದಲ್ಲಿ ಬರುತ್ತದೆ.

ದೂತನ ಜೊತೆಗಿನ ಪ್ರಯಾಣ

ಅಜ್ಜಿಯ ವಿಶ್ವಾಸ ತಪ್ಪಲ್ಲ. ದೇವರೇ ಕಾಯುವವನು. ಆದರೆ ಹೇಗೆ ಕಾಯುತ್ತಾನೆ? ತೋಬಿತನ ಗ್ರಂಥವನ್ನು ಓದಿ ನೋಡಿ. ತೋಬಿಯಾಸ ದೂರದೇಶಕ್ಕೆ ಹೊರಟಾಗ ದೇವರು ಅವನ ಜೊತೆಗೆ ಮಹಾದೂತ ರಫಾಯೇಲನನ್ನೇ ಕಳಿಸಿದರು. ದೇವರು ಗುಣಪಡಿಸುತ್ತಾನೆ ಎಂಬುದೇ ಆ ಹೆಸರಿನ ಅರ್ಥ. ದೂತ ಜೊತೆಗಿದ್ದೂ ದಾರಿಯಲ್ಲಿ ಸಿಕ್ಕ ಮೀನಿನ ಪಿತ್ತವನ್ನು ಔಷಧಕ್ಕೆಂದು ತೆಗೆದು ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿದ. ಅದರಿಂದಲೇ ಮುಂದೆ ತಂದೆಯ ಕಣ್ಣು ತೆರೆಯಿತು. ದೂತನೇ ಜೊತೆಗಿರುವಾಗ ಔಷಧ ಯಾಕೆಂದು ತೋಬಿಯಾಸ ಕೇಳಲಿಲ್ಲ. ವೈದ್ಯನನ್ನು ಗೌರವಿಸಬೇಕು, ಔಷಧವೂ ದೇವರ ಸೃಷ್ಟಿ ಎಂದು ಸಿರಾಖನ ಗ್ರಂಥದ 38ನೆಯ ಅಧ್ಯಾಯ ಕಲಿಸುತ್ತದೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಕೆಣಕಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ದೇವರನ್ನು ಪರೀಕ್ಷಿಸುವುದು ವಿಶ್ವಾಸವಲ್ಲವೆಂದು ತೋರಿಸಿದರು.

ಎಚ್ಚರಿಕೆಗೂ ಮಿತಿಯುಂಟು, ಸಿಗೂರು ಘಾಟಿನಲ್ಲಿ ರಾಸ್ ಅದನ್ನು ಕಂಡರು. ಎಲ್ಲವನ್ನೂ ಮಾಡಿದ ಮೇಲೂ ಉಳಿಯುವ ಅಪಾಯವನ್ನು ದೇವರ ಕೈಗೆ ಒಪ್ಪಿಸಬೇಕು. ಪ್ರಾರ್ಥನೆಯ ಜಾಗ ಅದು. ಆದರೆ ನಮ್ಮ ಕೈಯಲ್ಲೇ ಆಗುವ ಕೆಲಸವನ್ನು ಬಿಟ್ಟು ಪ್ರಾರ್ಥಿಸಿದರೆ, ದೇವರು ಕೊಟ್ಟ ಕೈಯನ್ನೇ ಕಟ್ಟಿಹಾಕಿದಂತೆ.

ಆ ಮನೆಯ ಅಜ್ಜಿ ಕೊನೆಗೆ ಮೊಮ್ಮಗಳ ಪೆಟ್ಟಿಗೆಯಲ್ಲಿ ಸೊಳ್ಳೆಪರದೆಯನ್ನು ಮಡಿಸಿ ಇಟ್ಟು, ಅದರ ಮೇಲೆ ತಮ್ಮ ಹಳೆಯ ಜಪಸರವನ್ನೂ ಇಟ್ಟರು. ಪ್ರಯಾಣಕ್ಕೆ ಹೊರಡುವ ಪ್ರತಿಯೊಬ್ಬರ ಪೆಟ್ಟಿಗೆಯಲ್ಲೂ ಇವೆರಡೂ ಜೊತೆಯಲ್ಲಿರಲಿ. ಮಹಾದೂತ ಸಂತ ರಫಾಯೇಲರೇ, ಪ್ರಯಾಣಿಕರಾದ ನಮಗಾಗಿ ಪ್ರಾರ್ಥಿಸಿರಿ.